ಲಾವಂಚ ಕಿತ್ತ ಓವರ್‌ಸಿಯರ್

"ಲಾವಂಚ ಕಿತ್ತವರು ಯಾರು?"

ಅಪೊಲೋನಿಯಾ ಟೀಚರ್ ಕೂಗಿದ ರಭಸಕ್ಕೆ ಕೆಲಸದವರ ಹಾರೆಗಳು ನಿಂತವು.

ಎಂಬತ್ತನಾಲ್ಕರ ಮೇ ತಿಂಗಳು. ಅಲೆವೂರಿನ ಗುಡ್ಡ ಕಡಿದು ಹೊಸ ಲೇಔಟ್ ಮಾಡುತ್ತಿದ್ದರು. ಅಲ್ಲಿಂದ ಮಳೆನೀರು ಇಳಿಯುವ ಕಣಿಯ, ಆ ಮಣ್ಣಿನ ಕಾಲುವೆಯ, ಉದ್ದಕ್ಕೂ ಅವಳು ಎರಡು ವರ್ಷದಿಂದ ಲಾವಂಚದ ಹುಲ್ಲು ನೆಟ್ಟು ಬೆಳೆಸಿದ್ದಳು. ನೀರು ಆ ಬುಡಗಳಲ್ಲಿ ತಡೆದು, ಇಂಗಿ, ಮೀನು ಮಾರುವ ಮುದುಕಿ ಅಕ್ಕುವಿನ ಮಣ್ಣಿನ ಮನೆಯನ್ನು ಮುಟ್ಟದೆ ಗದ್ದೆಗೆ ಇಳಿಯುತ್ತಿತ್ತು.

"ನಾನೇ ಕೀಳಿಸಿದ್ದು," ಎಂದ ಲೇಔಟಿನ ಓವರ್‌ಸಿಯರ್ ಲಿಗೋರಿ. "ಸಿಮೆಂಟಿನ ಚರಂಡಿ ಆಗ್ತದೆ. ನೀರು ಬೇಗ ಹೋಗ್ತದೆ, ಅಲ್ವಾ?"

"ಬೇಗ ಎಲ್ಲಿಗೆ ಹೋಗ್ತದೆ? ಕೆಳಗೆ ಇಳಿದು ನೋಡಿದ್ದೀರಾ?"

ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ಅದನ್ನೇ ನೋಡುತ್ತ ಲಿಗೋರಿ ನಕ್ಕುಬಿಟ್ಟ.

"ನಗಬೇಡಿ!"

"ಮತ್ತೆಂತ, ಅಳಬೇಕಾ ಟೀಚರ್?"

ಅವಳು ಥಟ್ಟನೆ ತಿರುಗಿ ನಡೆದಳು. ಆ ನಗು ಚಂದ ಕಂಡಿತಲ್ಲ ಎಂದು ತನ್ನ ಮೇಲೂ ಸಿಟ್ಟು ಬಂದಿತ್ತು.

ಜೂನಿನ ಒಂದು ಮಧ್ಯಾಹ್ನ ಗುಡ್ಡದ ನೀರೆಲ್ಲ ಹೊಸ ಚರಂಡಿಯಲ್ಲಿ ಒಮ್ಮೆಲೇ ನುಗ್ಗಿ ಬಂತು. ಅಕ್ಕುವಿನ ಮನೆಯ ಗೋಡೆ ಕುಸಿಯಿತು. ಸೊಂಟಮಟ್ಟದ ನೀರಿನಲ್ಲಿ ಅಪೊಲೋನಿಯಾ ಮುದುಕಿಯನ್ನು ಹಿಡಿದು ಹೊರಗೆ ತಂದಾಗ ಲಿಗೋರಿ ಓಡಿ ಬಂದ.

"ಬೇಗ ಹೋಯಿತಲ್ಲ ನೀರು? ಈಗ ನಗಿ," ಎಂದಳು. ಅವನು ಮುದುಕಿಯ ಇನ್ನೊಂದು ತೋಳು ಹಿಡಿದ.

ಪಂಚಾಯತ್ ಸಭೆಯಲ್ಲಿ ಲೇಔಟಿನ ಧಣಿಗಳು, "ಗೋಡೆ ಹಳತು. ಅದಕ್ಕೆ ನಾವೆಂತ ಮಾಡುವುದು?" ಎಂದರು.

ಅವರ ಪಕ್ಕದಲ್ಲೇ ಕುಳಿತಿದ್ದ ಲಿಗೋರಿ ಎದ್ದು ನಿಂತ. "ಗೋಡೆಯ ತಪ್ಪಲ್ಲ. ಪ್ಲಾನ್ ನನ್ನದು, ತಪ್ಪೂ ನನ್ನದು. ಟೀಚರ್ ಮೊದಲೇ ಹೇಳಿದ್ದರು, ನಾನು ಕೇಳಲಿಲ್ಲ."

ಗೋಡೆ ಕಟ್ಟಿಸಿ ಕೊಡಬೇಕು, ಚರಂಡಿ ಒಡೆಯಬೇಕು ಎಂದು ತೀರ್ಮಾನವಾಯಿತು. ಅಂದು ಸಂಜೆಯೇ ಧಣಿಗಳು ಲಿಗೋರಿಯನ್ನು ಕೆಲಸದಿಂದ ತೆಗೆದರು.

ಮರುದಿನ ಅವನು ಬೆಳ್ಮಣ್‌ನಿಂದ ಲಾವಂಚದ ಬುಡಗಳ ದೊಡ್ಡ ಕಟ್ಟು ಹೊತ್ತು ಬಂದ.

"ನೆಡಲು ಕಲಿಸ್ತೀರಾ?"

"ಬಗ್ಗಿ," ಎಂದಳು. ಚರಂಡಿ ಒಡೆದಂತೆಲ್ಲ ಇಡೀ ವಾರ ಇಬ್ಬರೂ ಕಣಿಯ ಕೆಸರಿನಲ್ಲಿ ನೆಟ್ಟರು. ಕೊನೆಯ ದಿನ ಅವನು ತಲೆ ಎತ್ತದೆ ಹೇಳಿದ: "ನಿಮ್ಮನ್ನು ಮದುವೆಯಾಗುವ ಆಸೆ ಉಂಟು. ಕೇಳಲು ಮುಖ ಇಲ್ಲ."

"ಮೊದಲು ಅಕ್ಕುವಿನ ಗೋಡೆ ಏಳಲಿ. ಆಮೇಲೆ ಮನೆಗೆ ಬನ್ನಿ."

ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಹೊಸ ತೆನೆಯ ಮೊಂತಿ ಹಬ್ಬದ ಮರುದಿನ ಅವನು ಅವಳ ಮನೆಗೆ ಬಂದ. ಅವಳ ಅಮ್ಮ ಬರ್ತಾಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಇದ್ದ ಕೆಲಸ ಯಾಕೆ ಹೋಯಿತು?"

ಲಿಗೋರಿ ಬಾಯಿ ತೆರೆಯುವ ಮೊದಲೇ ಅಪೊಲೋನಿಯಾ ಅವನ ಪಕ್ಕಕ್ಕೆ ಬಂದು ನಿಂತಳು.

"ನಿಜ ಹೇಳಿದ್ದಕ್ಕೆ ಹೋಯಿತು ಅಮ್ಮ. ನಾನು ಇವರನ್ನೇ ಮದುವೆಯಾಗುವುದು."