ತೋರುಬೆರಳಯ್ಯನ ಸೋರೆ ಚಪ್ಪರ

ಇದನ್ನ ಯಾರಿಗೂ ಹೇಳ್ಬೇಡ ಅಂತ ನಮ್ಮಜ್ಜಿ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ರು. ಆದ್ರೂ ಹೇಳ್ತಿದೀನಿ. ಮಧ್ಯದಲ್ಲಿ ತಡೀಬೇಡಿ, ನಿಂತ್ರೆ ಮತ್ತೆ ಶುರು ಮಾಡಕ್ಕೆ ಧೈರ್ಯ ಬರಲ್ಲ.

ತುಂಬಾ ಹಿಂದೆ, ಏಳು ಕೆರೆ ದಾಟಿದ್ಮೇಲೆ, ಚಪ್ಪರಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಅರಮನೆಗೂ ಹಿತ್ತಲು, ಗುಡಿಸಲಿಗೂ ಹಿತ್ತಲು. ವಸಂತ ಬಂತು ಅಂದ್ರೆ ಹೀರೆ ಬಳ್ಳಿ ಸೂರು ಹತ್ತೋದು, ಬಸಳೆ ಬೇಲಿ ದಾಟೋದು, ಬೇವಿನ ಹೂವು ಸಾರಿನ ಪಾತ್ರೆಗೇ ಉದುರೋದು. ಅಲ್ಲಿ ಇದ್ದಿದ್ದು ಒಂದೇ ಕಟ್ಟಳೆ: ಬಳ್ಳೀಲಿರೋ ಮಿಡಿಗೆ ಬೆರಳು ತೋರಿಸಬಾರದು. ತೋರಿಸಲೇಬೇಕಂದ್ರೆ ಬೆರಳು ಮಡಚಿ ತೋರಿಸಬೇಕು. ನೆಟ್ಟಗೆ ತೋರಿಸಿದ್ರೆ ಮಿಡಿ ಕೊಳೆಯುತ್ತೆ. ಅಷ್ಟೇ ಅಲ್ಲ, ಕಾಡಿನಾಚೆ ಇರೋ ತೋರುಬೆರಳಯ್ಯ ಅನ್ನೋ ಮಾಂತ್ರಿಕನಿಗೆ ಆ ಹಿತ್ತಲಿನ ದಾರಿ ತೆರೆಯುತ್ತೆ.

ಆ ರಾಜ್ಯದಲ್ಲಿ ಬೊಮ್ಮಿ ಅಂತ ಒಬ್ಳು ಹುಡುಗಿ. ಅವಳ ಅಮ್ಮ ಚೌಡವ್ವ. ಬೊಮ್ಮಿ ಕಾಲು ಒಂದು ಕಡೆ ನಿಲ್ತಿರ್ಲಿಲ್ಲ. ಬೀಜ ಹಾಕಿದ ಮಾರನೇ ದಿನಾನೇ ಮಣ್ಣು ಕೆದಕಿ ಮೊಳಕೆ ಬಂತಾ ಅಂತ ನೋಡೋಳು.

"ಏ, ಬೀಜಾನ ಮಲಗಕ್ಕಾದ್ರೂ ಬಿಡೇ!" ಅಂತ ಅಮ್ಮ ಬೈಯೋಳು.

ಒಂದು ಬೆಳಿಗ್ಗೆ ಸೋರೆ ಬಳ್ಳೀಲಿ ಆ ವರ್ಷದ ಮೊದಲ ಮಿಡಿ ಕಾಣಿಸ್ತು.

"ಅಮ್ಮಾ, ಅಗೋ! ಅಲ್ಲಿ!"

ಬೆರಳು ತಾನಾಗೇ ಚಾಚ್ಕೊಂಡುಬಿಡ್ತು.

ಬೇಲಿ ಸರ್ರನೆ ಸೀಳ್ತು. ತೋರುಬೆರಳಯ್ಯ ಒಳಗೆ ಬಂದ. ಅವನ ತೋರುಬೆರಳು ಮೊಳದುದ್ದ. ಅದನ್ನ ಚೌಡವ್ವನ ಕಡೆ ನೀಡಿದ. ಅಮ್ಮ ಅಂಗೈಯಷ್ಟು ಸೋರೆ ಮಿಡಿ ಆಗಿಬಿಟ್ಳು, ತುದೀಲಿ ಬಿಳಿ ಹೂವು ಸಮೇತ.

"ಇನ್ನು ಮೂರು ದಿನಕ್ಕೆ ನನ್ನ ಚಪ್ಪರದ ಹೂವೆಲ್ಲಾ ಉದುರುತ್ತೆ," ಅಂದ. "ಆಮೇಲೆ ನಿಮ್ಮಮ್ಮ ಯಾವತ್ತಿಗೂ ಕಾಯೇ." ಬುಟ್ಟಿಗೆ ಹಾಕ್ಕೊಂಡು ಹೊರಟೇಹೋದ.

ಬೊಮ್ಮಿ ಅಳಲಿಲ್ಲ, ಕೂರಲೂ ಇಲ್ಲ. ಚಪ್ಪಲಿ ಕೂಡ ಹಾಕ್ಕೊಳ್ದೆ ಓಡಿದ್ಲು.

ಮೊದಲನೇ ದಿನ ಕವಲುದಾರೀಲಿ ಎರಡು ತಲೆ ಹೋತ ಎದುರಾಯ್ತು. ಒಂದು ತಲೆ ಮೇಯ್ತಿತ್ತು, ಇನ್ನೊಂದು ಮಾತಾಡ್ತು. "ಮಗೂ, ನಿಮ್ಮೂರು ಯಾವ ಕಡೆ? ಸ್ವಲ್ಪ ಬೆರಳು ತೋರಿಸು." ಬೊಮ್ಮಿ ನೋಡ್ತಾಳೆ, ಅದರ ಗಡ್ಡದ ತುಂಬಾ ಉಂಗುರ ಸಿಕ್ಕೊಂಡಿವೆ! ಕೈ ಎರಡನ್ನೂ ಕಂಕುಳಿಗೆ ತುರುಕಿ, ಗದ್ದ ಎತ್ತಿ, "ಆ ಕಡೆ" ಅಂದ್ಲು.

"ಥೂ, ಗದ್ದ ಕಚ್ಚಕ್ಕಾಗಲ್ವಲ್ಲೇ!" ಅಂತ ಹೋತ ದಾರಿ ಬಿಡ್ತು.

ಎರಡನೇ ದಿನ ಮಾವಿನ ಮರದ ತುಂಬಾ ಗಿಳಿ. "ನಾವೆಷ್ಟು ಜನ? ಎಣಿಸಿ ಹೇಳು. ಬೆರಳು ನೀಡಿದ್ರೂ ಕುಕ್ತೀವಿ, ತಪ್ಪಿದ್ರೂ ಕುಕ್ತೀವಿ." ಬೊಮ್ಮಿ ಕೈ ಬೆನ್ನ ಹಿಂದೆ ಇಟ್ಕೊಂಡು, ಹೆಬ್ಬೆರಳಲ್ಲಿ ಒಂದೊಂದೇ ಗೆಣ್ಣು ಮುಟ್ತಾ ಎಣಿಸಿದ್ಲು. "ಇಪ್ಪತ್ನಾಲ್ಕು. ಅದ್ರಲ್ಲಿ ಒಬ್ಬನಿಗೆ ಬಾಲ ಇಲ್ಲ."

"ಅದನ್ನ ಹೇಳು ಅಂತ ಕೇಳಿದ್ವಾ?" ಬಾಲ ಇಲ್ಲದ ಗಿಳಿ ಮುನಿಸ್ಕೊಂಡು ಹಾರಿಹೋಯ್ತು. ಮಿಕ್ಕವು ನಗ್ತಾ ಅದರ ಹಿಂದೆ ಹೋದ್ವು.

ಮೂರನೇ ದಿನ ಮಧ್ಯಾಹ್ನ ಮಾಂತ್ರಿಕನ ಮನೆ ಸಿಕ್ತು. ಹಿತ್ತಲ ಚಪ್ಪರದಲ್ಲಿ ನೂರು ಸೋರೆ ಮಿಡಿ, ನೂರೂ ಒಂದೇ ಥರ. ಹೂವಿನ ಅಂಚೆಲ್ಲಾ ಆಗಲೇ ಕಂದಿಹೋಗಿತ್ತು. ತೋರುಬೆರಳಯ್ಯ ಚಪ್ಪರದ ಕೆಳಗೆ ಕೂತಿದ್ದ.

"ನಿಮ್ಮಮ್ಮ ಯಾವುದು? ಬೆರಳಿಟ್ಟು ತೋರಿಸು, ಕೊಟ್ಬಿಡ್ತೀನಿ."

ತೋರಿಸಿದ್ರೆ ಅಮ್ಮ ಕೊಳೆತುಹೋಗ್ತಾಳೆ. ಬೆರಳು ಮಡಚಿ ತೋರಿಸೋಣ ಅಂದ್ರೂ ಅಮ್ಮ ಯಾವುದು ಅಂತಾನೇ ಗೊತ್ತಿಲ್ಲ. ತೋರಿಸದಿದ್ರೆ ಹೂವು ಉದುರುತ್ತೆ. ಬೊಮ್ಮಿ ಚಪ್ಪರದ ಕೆಳಗೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡಿದ್ಲು. ಆಮೇಲೆ ಬಿಂದಿಗೆ ಎತ್ಕೊಂಡ್ಲು.

"ಅಯ್ಯಾ, ನಿಮ್ಮ ಬಳ್ಳಿ ಬಾಡಿದೆ. ಈಗಲೇ, ಈ ಮಟಮಟ ಬಿಸಿಲಲ್ಲೇ ಎಲೆ ಮೇಲೆಲ್ಲಾ ನೀರು ಸುರೀತೀನಿ. ಬುಡಕ್ಕೆ ಬಿಸಿ ಬೂದಿ ಹಾಕ್ತೀನಿ. ಬೇರು ನೆಟ್ಟಗಿದ್ಯಾ ಅಂತ ಕಿತ್ತು ನೋಡ್ತೀನಿ!"

ಮೂಲೇಲಿದ್ದ ಒಂದು ಮಿಡಿ ಗಡಗಡ ಅಲ್ಲಾಡ್ತು. "ಏ ಮೂದೇವಿ! ಬಿಸಿಲಲ್ಲಿ ನೀರು ಹಾಕ್ತಾರೇನೇ? ಇಷ್ಟು ವರ್ಷ ಏನು ಕಲಿಸ್ದೆ ನಿಂಗೆ?"

ಬೊಮ್ಮಿ ಓಡಿಹೋಗಿ ಆ ಮಿಡೀನ ಎರಡೂ ಕೈಲಿ ತಬ್ಕೊಂಡ್ಲು.

ತೋರುಬೆರಳಯ್ಯ ಎದ್ದ. ಬೆರಳು ಮೇಲಕ್ಕೆ ಹೋಯ್ತು. ಬೊಮ್ಮಿ ಬಾಯಿ ಮಾತ್ರ ನಿಲ್ಲಲಿಲ್ಲ.

"ಒಂದು ಮಾತು ಅಯ್ಯಾ! ಇಷ್ಟು ದೊಡ್ಡ ಮಾಯೆ ನಿಮ್ಮ ಕೈಲಾಗೋದಲ್ಲ ಅಂತ ಊರೆಲ್ಲಾ ಆಡ್ಕೋತಾರೆ. ಬೇರೆ ಯಾರೋ ಮಾಡಿಕೊಡ್ತಾರಂತೆ. ನಿಜ ಹೇಳಿ, ಯಾರು ಮಾಡಿದ್ದು?"

"ಯಾರಾ?" ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗ್ತು. "ನಾನು ಕಣೇ! ನಾನೇ!" ಅಂತ ತನ್ನ ಎದೆಗೇ ಬೆರಳಿಟ್ಕೊಂಡ.

ಅವನ ಮಾಯೆ ಅವನಿಗೇ ತಟ್ಟಿ, ಆ ಬೆರಳು ಕಪ್ಪಾಯ್ತು, ಮೆತ್ತಗಾಯ್ತು, ಕೊಳೆತ ಮಿಡಿ ಥರ ತೊಟ್ಟು ಕಳಚಿ ಪುಸಕ್ಕನೆ ನೆಲಕ್ಕೆ ಬಿತ್ತು. ಬೆರಳು ಹೋದ್ಮೇಲೆ ಮಾಯೆ ಎಲ್ಲಿಂದ? ಅಂಗೈ ಮುಚ್ಕೊಂಡು ಮನೆಯೊಳಗೆ ಓಡಿ ಅಗಳಿ ಹಾಕ್ಕೊಂಡ.

ಚಪ್ಪರದಿಂದ ದಬದಬ ಅಂತ ಜನ ಉದುರಿದ್ರು. ಅದ್ರಲ್ಲಿ ಒಬ್ರು ರಾಜರು! ಮಹಾರಾಜರು ನಿದ್ದೆ ಮಾಡ್ತಿದಾರೆ ಅಂತ ಮಂತ್ರಿ ಹದಿನೈದು ದಿನದಿಂದ ಎಲ್ಲರಿಗೂ ಹೇಳ್ತಿದ್ನಂತೆ. ಚೌಡವ್ವ ಸೊಂಟ ನೀವ್ಕೊಂಡು ಎದ್ದು, ಮೊದಲು ಮಗಳ ತಲೆಗೊಂದು ಮೊಟಕಿ, ಆಮೇಲೆ ಎದೆಗೆ ಅವಚ್ಕೊಂಡ್ಲು.

ಆ ವಸಂತ ಚಪ್ಪರಗಿರೀಲಿ ಎಲ್ಲರ ಹಿತ್ತಲೂ ತುಂಬ್ತು, ಎಲ್ಲರ ಹೊಟ್ಟೇನೂ ತುಂಬ್ತು. ಚೌಡವ್ವ ಮೊದಲ ಸೋರೆಕಾಯಿ ಪಲ್ಯ ಮಾಡಿ, ಪದ್ಧತಿ ಪ್ರಕಾರ ಮನೆಮನೆಗೂ ಹಂಚಿದ್ಲು. ಕೊನೇಗೆ ಇನ್ನೊಂದು ಬಟ್ಟಲು ತುಂಬಿದ್ಲು.

"ಇದು ಅವನಿಗೆ. ಹೋಗಿ ಕೊಟ್ಟು ಬಾ."

"ಅವನಿಗ್ಯಾಕಮ್ಮ?"

"ಮೊದಲ ಕಾಯಿ ಕಣೇ. ಯಾರನ್ನೂ ಬಿಡೋ ಹಾಗಿಲ್ಲ."

ಬೊಮ್ಮಿ ಕಾಡು ದಾಟಿ ಹೋಗಿ ಬಾಗಿಲು ತಟ್ಟಿದ್ಲು.

"ಅಯ್ಯಾ, ಪಲ್ಯ ತಂದಿದೀನಿ."

ಇನ್ನೊಂದ್ಸಲ ತಟ್ಟಿದ್ಲು. "ನಮ್ಮಮ್ಮ ಕಳಿಸಿದಾಳೆ."

ಬಟ್ಟಲನ್ನ ಈ ಕೈಯಿಂದ ಆ ಕೈಗೆ ಬದಲಾಯಿಸ್ಕೊಂಡು ಮೂರನೇ ಸಲ ತಟ್ಟಿದ್ಲು. ಬಾಗಿಲಿಗೆ ಕಿವಿ ಇಟ್ಲು.

ಬಾಗಿಲು ಮುಚ್ಚೇ ಇತ್ತು. ಬೊಮ್ಮಿ ಬಟ್ಟಲನ್ನ ಹೊಸ್ತಿಲ ಮೇಲಿಟ್ಟು, ಒಂದು ಎಲೆ ಮುಚ್ಚಿ, ಮನೆ ಕಡೆ ಓಡಿದ್ಲು.