ವಾಪಸ್ ಹೋಗದ ಐಸ್‌ಕ್ರೀಮ್ ಡಬ್ಬ

"ನೀವೇ ಕೊಂದಿದ್ದು," ಎಂದಳು ನೈರೀ.

ಬೇಲಿಯಾಚೆ ಎಲೆಕೋಸಿನ ಸಾಲಿನಲ್ಲಿ ಸ್ಪ್ರೇ ಹಿಡಿದು ನಿಂತಿದ್ದ ತಮತಿ ತಿರುಗಿ ನೋಡಿದ. ಅವನು ಪಕ್ಕದ ಮನೆಗೆ ಬಂದು ಎರಡು ತಿಂಗಳಾದ ಮೇಲೆ ಅವರಿಬ್ಬರ ನಡುವೆ ಆದ ಮೊದಲ ಮಾತು ಇದು!

"ಯಾರನ್ನ?"

"ನನ್ನ ಚಿಟ್ಟೆಹುಳಗಳನ್ನ. ನೀವು ಕೋಸಿಗೆ ಹೊಡೆದ ಔಷಧಿ ಗಾಳೀಲಿ ಈಚೆ ಬಂದಿದೆ. ಬೆಳಿಗ್ಗೆ ಹನ್ನೊಂದಿದ್ವು. ಈಗ ಒಂದೇ ಒಂದು."

"ಅಲ್ಲ, ಇದ್ರಲ್ಲಿರೋದು ಬರೀ ಬೆಳ್ಳುಳ್ಳಿ..."

"ಬೇಡ ಬಿಡಿ. ನಂಗೆ ಕೇಳೋಕೂ ಶಕ್ತಿ ಇಲ್ಲ."

ಅದು ಸುಳ್ಳಲ್ಲ. ಬೆಳಗಿನ ಆರಕ್ಕೇ ವೃದ್ಧಾಶ್ರಮದ ಕೆಲಸ. ಅಲ್ಲಿ ಮುದುಕರನ್ನು ಎತ್ತಿ ಕೂರಿಸಿ ಬಂದರೆ, ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ. ಎರಡು ವರ್ಷ ಹಾಗೇ ನಡೆಯಿತು. ಈ ದಕ್ಷಿಣದ ನಾಡಿನಲ್ಲಿ ಜನವರಿಯೇ ಬೇಸಿಗೆ; ಆ ಸುಡುಬಿಸಿಲಲ್ಲಿ ಅಮ್ಮ ಹೋದಳು. ಮೊನಾರ್ಕ್ ಚಿಟ್ಟೆಗಳು ಮೊಟ್ಟೆಯಿಡಲೆಂದೇ ಅವಳು ಹಿತ್ತಲಲ್ಲಿ ಬೆಳೆಸಿದ ಎಂಟು ಹಂಸಗಿಡಗಳು ಉಳಿದವು.

"ಮರಿಗಳನ್ನ ಉಪವಾಸ ಕೆಡವಬೇಡ ಕಣೇ." ಅಮ್ಮ ತಿಳಿವಿನಲ್ಲಿ ಆಡಿದ ಕೊನೆಯ ಮಾತು ಅದು.

ಈಗ ಏಪ್ರಿಲ್, ಚಳಿ ಶುರುವಾಗುವ ಕಾಲ. ಹುಳಗಳು ಎಲೆಯನ್ನೆಲ್ಲ ತಿಂದು ಬರೀ ಕಡ್ಡಿ ಉಳಿಸಿದ್ದವು. ಅದಕ್ಕೇ ನೈರೀ ಅಂಗಡಿಯಿಂದ ಹೊಸ ಹಂಸಗಿಡ ತಂದು ಹತ್ತು ಮರಿಗಳನ್ನು ಅದರ ಮೇಲೆ ಬಿಟ್ಟಿದ್ದಳು. ಒಂದು ದಪ್ಪ ಹುಳ ಮಾತ್ರ ಹಳೆಯ ಕಡ್ಡಿ ಬಿಟ್ಟು ಕದಲಲಿಲ್ಲ. ಉಳಿದದ್ದು ಅದೇ.

ಅದೊಂದೇ ಯಾಕೆ ಉಳಿಯಿತು ಎಂದು ಅವಳು ಯೋಚಿಸಬಹುದಿತ್ತು. ಆದರೆ ದಣಿದ ಮನಸ್ಸು ಯೋಚಿಸುವುದಿಲ್ಲ, ಬೈಯಲು ಒಬ್ಬರನ್ನು ಹುಡುಕುತ್ತದೆ.

ಮರುದಿನ ಕೆಲಸ ಮುಗಿಸಿ ಬಂದಾಗ ಗೇಟಿನ ಕಂಬದ ಮೇಲೆ ಹಳೇ ಐಸ್‌ಕ್ರೀಮ್ ಡಬ್ಬವೊಂದಿತ್ತು. ಒಳಗೆ ತೆಳ್ಳಗೆ ಹೆಚ್ಚಿದ ಕುಂಬಳಕಾಯಿ, ಜೊತೆಗೊಂದು ಚೀಟಿ: "ಎಲೆ ಇಲ್ಲದಾಗ ದೊಡ್ಡ ಹುಳಕ್ಕೆ ನಮ್ಮಜ್ಜಿ ಇದನ್ನೇ ಕೊಡ್ತಿದ್ರು. ತಮತಿ."

'ಕೊಂದವನೇ ಊಟ ಕಳಿಸ್ತಾನೆ ನೋಡು...' ಎಂದುಕೊಂಡರೂ ಒಂದು ಹೋಳು ಇಟ್ಟಳು. ಹುಳ ತಿಂದಿತು. ಸಂಜೆಯ ಹೊತ್ತಿಗೆ ಅದರ ಹಿಕ್ಕೆಯೂ ಕುಂಬಳಕಾಯಿ ಬಣ್ಣಕ್ಕೆ ತಿರುಗಿತ್ತು. ನೈರೀಗೆ ನಗು ಬಂತು. ಜನವರಿಯಿಂದೀಚೆ ಅವಳು ನಕ್ಕಿದ್ದೇ ಇರಲಿಲ್ಲ.

ಖಾಲಿ ಡಬ್ಬವನ್ನು ಕಂಬದ ಮೇಲಿಟ್ಟಳು. ಮಾರನೆಯ ದಿನ ಅದು ತುಂಬಿ ಬಂತು. ಹೀಗೆ ನಾಲ್ಕು ದಿನ... ಮಾತಿಲ್ಲ, ಕತೆಯಿಲ್ಲ. ಆದರೂ ಮನೆಯ ತಿರುವಿಗೆ ಬಂದರೆ ಸಾಕು, ಅವಳ ಕಣ್ಣು ಮೊದಲು ಆ ಕಂಬವನ್ನೇ ಹುಡುಕುತ್ತಿತ್ತು.

ಐದನೆಯ ದಿನ ಆಶ್ರಮದ ಬೆರಿಲ್ ಅಜ್ಜಿಯ ತಲೆ ಬಾಚುತ್ತಾ ಈ ಕತೆ ಹೇಳಿದಳು.

"ಅಂಗಡಿ ಗಿಡಾನ ತಂದ ದಿನವೇ ಹುಳಕ್ಕೆ ಕೊಟ್ಯಾ?" ಅಜ್ಜಿ ಕತ್ತು ತಿರುಗಿಸಿದರು. "ಮಾರೋಕೆ ಮುಂಚೆ ಔಷಧಿ ಹೊಡೆದಿರ್ತಾರೆ ಕಣೇ. ವಾರಗಟ್ಟಲೆ ಬಿಟ್ಟು ಆಮೇಲೆ ಕೊಡ್ಬೇಕು. ಪಾಪ, ಅವನನ್ಯಾಕೆ ಬೈದೆ?"

ಬಾಚಣಿಗೆ ನಿಂತುಹೋಯಿತು.

ಹಾಗಾದರೆ ಕೊಂದದ್ದು ನಾನೇ... ಅಮ್ಮನ ಮರಿಗಳನ್ನು ನನ್ನ ಕೈಯಾರೆ ವಿಷದ ಮೇಲೆ ಕೂರಿಸಿದೆ. ಅವನು ಹೇಳಲು ಬಂದಾಗ ಬಾಯಿ ಮುಚ್ಚಿಸಿದೆ.

ಮನೆಗೆ ಬಂದಾಗ ಹಿತ್ತಲಲ್ಲಿ ಖಾಲಿ ಮಾಡಿ ಗಿಡಕ್ಕೆ ಒರಗಿಸಿ ಮಗುಚಿಟ್ಟಿದ್ದ ಡಬ್ಬದ ಒಳಗೆ ಹುಳ ತಲೆಕೆಳಗಾಗಿ ಜೋತಿತ್ತು. ಬೆಳಗಾಗುವಷ್ಟರಲ್ಲಿ ಅದು ಚಿನ್ನದ ಚುಕ್ಕೆಗಳ ಹಸಿರು ಕೋಶವಾಗಿತ್ತು. ಇನ್ನು ಡಬ್ಬವನ್ನು ತೊಳೆದು ಕೊಡುವಂತಿಲ್ಲ.

ಮೂರು ದಿನ ಕಂಬ ಖಾಲಿಯಿತ್ತು. ತಮತಿ ಗೇಟಿನವರೆಗೆ ಬಂದು ಡಬ್ಬವಿಲ್ಲದ್ದು ನೋಡಿ ತಲೆ ತಗ್ಗಿಸಿ ಹೋಗುವುದನ್ನು ಅವಳು ಕಿಟಕಿಯಿಂದ ಕಂಡಳು. 'ಸಾಕು, ಇನ್ನು ಕಳಿಸಬೇಡ' ಅಂತ ನಾನು ಹೇಳಿದೆನೆಂದೇ ತಿಳಿದಿದ್ದಾನೆ! ನಾಳೆ ಹೋಗಿ ಹೇಳೋಣ ಎಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು. ಕ್ಷಮೆ ಕೇಳಲೂ ಮೈಯಲ್ಲಿ ತ್ರಾಣ ಬೇಕಲ್ಲ...

ನಾಲ್ಕನೆಯ ದಿನ ಕೆಲಸದ ಬೂಟನ್ನೂ ಬಿಚ್ಚದೆ, ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಅವನ ಬಾಗಿಲಿಗೆ ಹೋದಳು.

"ಡಬ್ಬ ವಾಪಸ್ ಕೊಡೋಕಾಗ್ಲಿಲ್ಲ. ನೋಡಿ, ಒಳಗೆ ಇದಿದೆ." ಅವಳು ಡಬ್ಬವನ್ನು ಅವನತ್ತ ಚಾಚಿದಳು. "ಮತ್ತೆ... ಕೊಂದಿದ್ದು ನೀವಲ್ಲ. ನಾನು ತಂದ ಗಿಡ."

"ಗೊತ್ತಿತ್ತು," ಎಂದ ತಮತಿ. "ಗಿಡಕ್ಕೆ ಕಟ್ಟಿದ್ದ ಅಂಗಡಿಯವರ ಚೀಟಿ ಬೇಲಿಯಿಂದ ಕಾಣ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ನಿಮ್ಮ ಕೈಯಿಂದಲೇ ಆಯ್ತು ಅಂತ ಆ ದಿನ ಹೇಳೋಕೆ ಮನಸ್ಸಾಗ್ಲಿಲ್ಲ. ನನ್ನನ್ನ ಬೈದ್ರೆ ನಿಮಗೆ ಹಗುರ ಆಗತ್ತೇನೋ ಅನ್ನಿಸ್ತು." ಅವನು ಬೇಲಿಯತ್ತ ಕೈ ತೋರಿಸಿದ. "ದಿನಾ ಸಂಜೆ ನೀವು ಆ ಹುಳಗಳ ಹತ್ರ ಮಾತಾಡ್ತಿದ್ರಿ. ಅದನ್ನ ಕೇಳೋಕೇ ನಾನು ಆ ಹೊತ್ತಿಗೆ ಕೋಸಿಗೆ ನೀರು ಬಿಡ್ತಿದ್ದೆ. ನನ್ನ ಹತ್ರಾನೂ ಹಾಗೆ ಮಾತಾಡ್ಲಿ ಅಂತ ಆಸೆ."

ನೈರೀಯ ಕಣ್ಣು ತುಂಬಿ ಬಂತು. ಅವನು ಡಬ್ಬಕ್ಕೆ ಕೆಳಗಿನಿಂದ ಕೈ ಕೊಟ್ಟ. ನಾಲ್ಕೂ ಕೈ ಒಂದರ ಮೇಲೊಂದು ನಿಂತವು.

"ಚಿಟ್ಟೆ ಆಗೋಕೆ ಎಷ್ಟು ದಿನ?" ಎಂದಳು.

"ಈ ಚಳೀಲಿ ಮೂರು ವಾರ. ಪದೇ ಪದೇ ಅಲ್ಲಾಡಿಸ್ಬಾರ್ದು. ಇಲ್ಲೇ ಇರ್ಲಿ."

"ಹಾಗಾದ್ರೆ ನಾನು ದಿನಾ ನೋಡೋಕೆ ಬರ್ಬೇಕು."

"ಬನ್ನಿ."

"ಕೆಲಸ ಮುಗಿಸಿ ಬರೋದು, ತುಂಬಾ ಸುಸ್ತಾಗಿರ್ತೀನಿ ತಮತಿ."

"ಸುಸ್ತಾಗೇ ಬಾ," ಎಂದು ಅವನು ಬಾಗಿಲು ಪೂರ್ತಿ ತೆರೆದ. "ಕುರ್ಚಿ ಇದೆ."