ಮನೆಮಂದಿಯೆಲ್ಲ ಬನ್ನಿ

ಅವರಿಗೆ ನಾನು ವಿಳಾಸ ಕೊಟ್ಟಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ಬೇಸಿಗೆಯಲ್ಲಿ ನಾನೂ ಹೆಂಡತಿ ಮಂಜುಶ್ರೀಯೂ ಇಂಗ್ಲೆಂಡಿನ ಒಂದು ಕಡಲಂಚಿನ ಹಳ್ಳಿಗೆ ಹೋಗಿದ್ದೆವು. ಅಲ್ಲಿನ ಮುದುಕರೊಬ್ಬರು ಹಳೆಯ ಚರ್ಚು, ಸ್ಮಶಾನ, ಇಡೀ ಬೀದಿಯೊಂದು ಸಮುದ್ರದ ಪಾಲಾದ ಕಥೆ ಹೇಳುತ್ತ ನಮ್ಮನ್ನು ದಿಬ್ಬದ ತುದಿಯವರೆಗೂ ಸುತ್ತಾಡಿಸಿದರು. ಹೊರಡುವಾಗ ನಮ್ಮವರ ಅಭ್ಯಾಸದಂತೆ ನನ್ನ ಬಾಯಿಗೂ ಬಂತು: "ನಮ್ಮ ಕಡೆ ಬಂದರೆ ಮನೆಮಂದಿಯೆಲ್ಲ ಮನೆಗೆ ಬನ್ನಿ."

ಅವರು ನೀರಿನ ಕಡೆ ತಿರುಗಿ, "ಎಲ್ಲರಿಗೂ ಕೇಳಿಸಿತಾ?" ಎಂದರು.

ಮೊನ್ನೆ ಅಮೆರಿಕದ ಸೆರಿಟೋಸ್‌ನ ನಮ್ಮ ಮನೆಯಲ್ಲಿ, ಉರಿಬಿಸಿಲಿನ ಮಧ್ಯಾಹ್ನ, ಮಂಜುಶ್ರೀ ಕರೆದಳು. "ರೀ, ಯಾರೋ ಬಂದಿದಾರೆ ನೋಡಿ, ಬಾಗಿಲಲ್ಲಿ ಶೂ ಬಿಟ್ಟಿದಾರೆ."

ಮನೆಯೆಲ್ಲ ಹುಡುಕಿದರೂ ಯಾರೂ ಸಿಗಲಿಲ್ಲ. ಒದ್ದೆ ಶೂ, ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು. ಬಿಸಿಲಿಗಿಟ್ಟರೂ ಒಣಗಲಿಲ್ಲ.

ಇವತ್ತು ಅದರ ಪಕ್ಕದಲ್ಲಿ ಒಂದು ಜೊತೆ ಪುಟ್ಟ ಶೂ ಇದೆ. ಅದೂ ಒದ್ದೆ. ನಮಗೆ ಮಕ್ಕಳಿಲ್ಲ.